ಎಂಟು ವರ್ಷ ಕಾದ ಮದುವೆ: ವಿಲಿಯಂ ಮತ್ತು ಕೇಟ್ ಪ್ರಕರಣ

2011ರ ಏಪ್ರಿಲ್ 29, ಶುಕ್ರವಾರ. ಲಂಡನ್ನಿನಲ್ಲಿ ಬೆಳಿಗ್ಗೆ ಹನ್ನೊಂದು, ನಮ್ಮಲ್ಲಿ ಮಧ್ಯಾಹ್ನ ಮೂರೂವರೆ. ಟೀವಿಯಲ್ಲಿ ಕೇಟ್ ಮಿಡಲ್ಟನ್ ಅಪ್ಪನ ಕೈ ಹಿಡಿದು ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಅನ್ನುವ ಚರ್ಚಿನೊಳಗೆ ನಡೆದು ಬರುತ್ತಿದ್ದಳು. ಎಲ್ಲರೂ ಗೌನು ನೋಡುತ್ತಿದ್ದರೆ ನಮ್ಮ ಸೋದರತ್ತೆ ಮಾತ್ರ, "ಅಲ್ವೇ, ಎಂಟು ವರ್ಷ ಆ ಹುಡುಗೀನ ಕಾಯಿಸಿದ್ನಂತಲ್ಲೇ, ಅವಳ ಅಪ್ಪ ಅಮ್ಮ ಏನೂ ಕೇಳ್ಲೇ ಇಲ್ವಾ?" ಅಂದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬ್ರಿಟನ್ನಿನ ರಾಜಮನೆತನದ ಈ ತಲೆಮಾರಿನಲ್ಲಿ ಹಲವು ಮದುವೆಗಳಾಗಿವೆ. ಆದರೆ ಒಂದೇ ಒಂದನ್ನು ಪೂರ್ತಿಯಾಗಿ ಬಿಡಿಸಿ ನೋಡಬೇಕು ಅಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಯಾಕೆಂದರೆ ಇಲ್ಲಿ ಪ್ರಶ್ನೆ ಪ್ರೀತಿಯದ್ದಲ್ಲ, ಕಾಲದ್ದು. ಇಬ್ಬರಿಗೂ ಇಷ್ಟ ಇತ್ತು, ಅಡ್ಡ ಬರುವ ಕಾನೂನು ಇರಲಿಲ್ಲ, ಮನೆಯವರು ಬೇಡ ಅಂದ ದಾಖಲೆಯೂ ಇಲ್ಲ. ಹಾಗಿದ್ದರೂ ಯಾಕೆ ಅಷ್ಟು ವರ್ಷ? ಆ ವರ್ಷಗಳ ಭಾರ ಹೊತ್ತವರು ಯಾರು?

ಹಿಂದಿನ ತಲೆಮಾರಿನಲ್ಲಿ ಆದದ್ದು

ಈ ಕಥೆ ಇವರಿಬ್ಬರೂ ಹುಟ್ಟುವ ಮೊದಲೇ ಶುರುವಾಗುತ್ತದೆ. 1981ರ ಫೆಬ್ರವರಿ 24ರಂದು ರಾಜಕುಮಾರ ವಿಲಿಯಂನ ಅಪ್ಪ ಅಮ್ಮ ಚಾರ್ಲ್ಸ್ ಮತ್ತು ಡಯಾನಾ ನಿಶ್ಚಿತಾರ್ಥದ ಸುದ್ದಿ ಹೊರಗೆ ಬಂತು. ಅವಳಿಗೆ 19, ಅವನಿಗೆ 32. ಪ್ರೀತಿ ಇದೆಯಾ ಅಂತ ಟೀವಿಯವರು ಕೇಳಿದಾಗ ಅವಳು ಖಂಡಿತ ಇದೆ ಅಂದಳು, ಅವನು ಪ್ರೀತಿ ಅಂದರೆ ಏನೋ ಏನರ್ಥವೋ ಅನ್ನುವ ಹಾಗೆ ಒಂದು ಮಾತು ಸೇರಿಸಿದ. ಜುಲೈ 29ಕ್ಕೆ ಮದುವೆಯೂ ಆಗಿಹೋಯಿತು, ಅಂದರೆ ಐದೇ ತಿಂಗಳು. 1992ರ ಡಿಸೆಂಬರಿನಲ್ಲಿ ಇಬ್ಬರೂ ಬೇರೆಯಾದರು. ಅದೇ ವರ್ಷ ಚಾರ್ಲ್ಸ್ ತಂಗಿ ಆನ್‌ಗೆ ವಿಚ್ಛೇದನ ಸಿಕ್ಕಿತು, ತಮ್ಮ ಆಂಡ್ರೂ ಹೆಂಡತಿಯಿಂದ ದೂರವಾದ. ರಾಣಿಯವರ ನಾಲ್ಕು ಮಕ್ಕಳಲ್ಲಿ ಮೂವರ ಸಂಸಾರ ಒಂದೇ ವರ್ಷದಲ್ಲಿ ಒಡೆದಿತ್ತು. 1996ರಲ್ಲಿ ಚಾರ್ಲ್ಸ್ ಡಯಾನಾ ವಿಚ್ಛೇದನ. ಮರುವರ್ಷ ಆಗಸ್ಟ್ 31ರಂದು ಪ್ಯಾರಿಸ್ಸಿನಲ್ಲಿ, ಫೋಟೋಗ್ರಾಫರುಗಳು ಬೆನ್ನು ಹತ್ತಿದ್ದ ಕಾರು ಅಪಘಾತಕ್ಕೆ ಸಿಕ್ಕಿ ಡಯಾನಾ ತೀರಿಕೊಂಡಳು.

ಆಗ ವಿಲಿಯಂಗೆ 15 ವರ್ಷ. ಅಮ್ಮನ ಶವಪೆಟ್ಟಿಗೆಯ ಹಿಂದೆ ಲಂಡನ್ ರಸ್ತೆಗಳಲ್ಲಿ, ಅಷ್ಟೂ ಕ್ಯಾಮೆರಾಗಳ ಮುಂದೆ ನಡೆದ ಹುಡುಗ ಅವನು. ಮುಂದೆ ಅವನು ಮದುವೆಯ ವಿಷಯದಲ್ಲಿ ಮಾಡಿದ ಪ್ರತಿಯೊಂದನ್ನೂ ನಾನು ಆ ನಡಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದುತ್ತೇನೆ.

ಹುಡುಗಿಯ ಕಡೆ

ಕೇಟ್ ಹುಟ್ಟಿದ್ದು 1982ರ ಜನವರಿ 9ರಂದು, ರೆಡಿಂಗ್ ಊರಿನಲ್ಲಿ. ವಿಲಿಯಂಗಿಂತ ಐದು ತಿಂಗಳು ದೊಡ್ಡವಳು. ಅಪ್ಪ ಮೈಕಲ್, ಅಮ್ಮ ಕ್ಯಾರಲ್ ಇಬ್ಬರೂ ಬ್ರಿಟಿಷ್ ಏರ್‌ವೇಸ್‌ನಲ್ಲಿ ಕೆಲಸಕ್ಕಿದ್ದವರು. ಅಮ್ಮ ಗಗನಸಖಿ, ಅಪ್ಪನದು ವಿಮಾನ ಹೊರಡಿಸುವ ಮುಂಚಿನ ವ್ಯವಸ್ಥೆ ನೋಡಿಕೊಳ್ಳುವ ಕೆಲಸ. ಮಕ್ಕಳು ಚಿಕ್ಕವರಿದ್ದಾಗ ಎರಡು ವರ್ಷ ಜೋರ್ಡಾನಿನ ಅಮ್ಮಾನ್‌ನಲ್ಲಿದ್ದರು. 1987ರಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಬೇಕಾಗುವ ಸಾಮಾನುಗಳನ್ನು ಅಂಚೆಯಲ್ಲಿ ಕಳಿಸುವ ಪಾರ್ಟಿ ಪೀಸಸ್ ಅನ್ನುವ ವ್ಯಾಪಾರ ಶುರು ಮಾಡಿದರು, ಅದು ಕೈ ಹಿಡಿಯಿತು. ಅಮ್ಮನ ಕಡೆಯ ಹಿರಿಯರು ಡರ್ಹಮ್ ಜಿಲ್ಲೆಯ ಕಲ್ಲಿದ್ದಲು ಗಣಿಗಳಲ್ಲಿ ದುಡಿದವರು. ಗಣಿಯಿಂದ ಅರಮನೆಗೆ ಕೆಲವೇ ತಲೆಮಾರು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಮುಂದೆ ಪತ್ರಿಕೆಗಳು ಈ ಮನೆತನದ ಮೇಲೆ ಎರಗಿದ್ದು ಇದೇ ಕಾರಣಕ್ಕೆ. ದುಡ್ಡಿತ್ತು, ಒಳ್ಳೆಯ ಶಾಲೆಯಲ್ಲಿ ಓದಿಸಿದ್ದರು, ಆದರೆ ಬಿರುದು ಇರಲಿಲ್ಲ. ಇಂಗ್ಲೆಂಡಿನಲ್ಲಿ ಅದು ಇವತ್ತಿಗೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಸಂಬಂಧ ನೋಡುವಾಗ ಮನೆತನ ಕೇಳುತ್ತಾರಲ್ಲ, ಹಾಗೆಯೇ.

ಸೇಂಟ್ ಆಂಡ್ರೂಸ್

2001ರಲ್ಲಿ ಇಬ್ಬರೂ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಕಡಲ ದಂಡೆಯ ಪುಟ್ಟ ಊರು, 1413ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ. ಇಬ್ಬರಿಗೂ ಸೇಂಟ್ ಸಾಲ್ವೇಟರ್ಸ್ ಅನ್ನುವ ಒಂದೇ ಹಾಸ್ಟೆಲ್. ಇಬ್ಬರೂ ಮೊದಲು ತೆಗೆದುಕೊಂಡದ್ದು ಕಲೆಯ ಇತಿಹಾಸ, ಆಮೇಲೆ ವಿಲಿಯಂ ಭೂಗೋಳಕ್ಕೆ ಬದಲಾಯಿಸಿಕೊಂಡ. ವರ್ಷಕ್ಕೂ ಜಾಸ್ತಿ ಕಾಲ ಬರೀ ಸ್ನೇಹಿತರಾಗಿದ್ದೆವು ಅಂತ ಅವನೇ ಆಮೇಲೆ ಹೇಳಿದ್ದಾನೆ. ಎರಡನೇ ವರ್ಷ ಬೇರೆ ಗೆಳೆಯರ ಜೊತೆ ಸೇರಿ ಒಂದೇ ಮನೆ ಬಾಡಿಗೆಗೆ ಹಿಡಿದರು.

ಇಲ್ಲಿ ಒಂದು ವಿಷಯ ತುಂಬಾ ಮುಖ್ಯ. ಡಯಾನಾ ಸಾವಿನ ನಂತರ ಬ್ರಿಟನ್ನಿನ ಪತ್ರಿಕೆಗಳಿಗೂ ಅರಮನೆಗೂ ನಡುವೆ ಒಂದು ಒಪ್ಪಂದವಾಗಿತ್ತು: ಹುಡುಗರು ಓದು ಮುಗಿಸುವ ತನಕ ಅವರ ಹಿಂದೆ ಬೀಳಬಾರದು, ಬದಲಿಗೆ ಆಗಾಗ ಅರಮನೆಯೇ ಕರೆದು ಫೋಟೋ ತೆಗೆಯಲು ಬಿಡುತ್ತದೆ. ಮೊದಲ ವಾರದಲ್ಲೇ ಅದನ್ನು ಮುರಿದದ್ದು ಹೊರಗಿನವರಲ್ಲ, ಅವನ ಚಿಕ್ಕಪ್ಪ ಎಡ್ವರ್ಡ್ ಅವರ ಟೀವಿ ಕಂಪನಿಯ ತಂಡ. ಉಳಿದವರೆಲ್ಲ ಊರು ಬಿಟ್ಟ ಮೇಲೂ ಅವರು ಅಲ್ಲೇ ಉಳಿದು ಚಿತ್ರೀಕರಣ ಮಾಡುತ್ತಿದ್ದರು. ಆದರೂ ಒಟ್ಟಿನಲ್ಲಿ ಆ ಒಪ್ಪಂದ ಕೆಲಸ ಮಾಡಿತು. ಒಬ್ಬ ರಾಜಕುಮಾರನಿಗೆ ಒಂದು ಹುಡುಗಿಯ ಜೊತೆ ಮಾರ್ಕೆಟ್ಟಿಗೆ ಹೋಗಿ, ಅಡುಗೆ ಮಾಡಿ, ಪರೀಕ್ಷೆಗೆ ಓದಿ, ಜಗಳ ಆಡಿ ಬದುಕಿ ನೋಡಲು ಸಿಕ್ಕಿತಲ್ಲ, ಅದು ಅವನ ಅಪ್ಪನಿಗೆ ಸಿಕ್ಕಿರಲಿಲ್ಲ. ಈ ಮದುವೆಯ ಅಡಿಪಾಯ ಎಲ್ಲಿದೆ ಅಂತ ಕೇಳಿದರೆ ನಾನು ತೋರಿಸುವುದು ಆ ಬಾಡಿಗೆ ಮನೆಯನ್ನೇ.

2004ರ ವಸಂತದಲ್ಲಿ ಇಬ್ಬರೂ ಸ್ವಿಟ್ಜರ್ಲೆಂಡಿನ ಕ್ಲೋಸ್ಟರ್ಸ್‌ಗೆ ಹಿಮದಲ್ಲಿ ಸ್ಕೀಯಿಂಗ್ ಮಾಡಲು ಹೋದಾಗ ದಿ ಸನ್ ಪತ್ರಿಕೆ ಫೋಟೋ ಹಾಕಿಬಿಟ್ಟಿತು. ಅಲ್ಲಿಗೆ ಗುಟ್ಟು ಮುಗಿಯಿತು. ಮರುವರ್ಷ ಅದೇ ಕ್ಲೋಸ್ಟರ್ಸ್‌ನಲ್ಲಿ ವರದಿಗಾರರೊಬ್ಬರು ಮದುವೆ ಯಾವಾಗ ಅಂತ ಕೇಳಿದಾಗ, ನನಗಿನ್ನೂ 22, ಕಡಿಮೆ ಅಂದರೂ 28, ಇಲ್ಲ 30 ಆಗುವ ತನಕ ಮದುವೆ ಆಗಲ್ಲ ಅಂದ. ಆ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಂಡ ಹಾಗಿಲ್ಲ. ನಿಶ್ಚಿತಾರ್ಥವಾದಾಗ ಅವನಿಗೆ ಸರಿಯಾಗಿ 28.

ಕಾಯುವ ವರ್ಷಗಳು

2005ರ ಜೂನ್‌ನಲ್ಲಿ ಇಬ್ಬರೂ ಪದವಿ ಪಡೆದರು. ಅಲ್ಲಿಗೆ ಪತ್ರಿಕೆಗಳ ಒಪ್ಪಂದವೂ ಮುಗಿಯಿತು, ಯಾಕೆಂದರೆ ಅದು ಓದುವ ಹುಡುಗರಿಗೆ ಮಾತ್ರ. ಇನ್ನು ಮುಂದಿನದನ್ನು ನಿಧಾನವಾಗಿ ನೋಡಬೇಕು, ಇಡೀ ಪ್ರಕರಣದ ಕಷ್ಟವೆಲ್ಲ ಇಲ್ಲೇ ಇದೆ.

ವಿಲಿಯಂಗೆ ದಾರಿ ಸಿದ್ಧವಿತ್ತು. 2006ರ ಜನವರಿಯಲ್ಲಿ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿ, ಆಮೇಲೆ ರೆಜಿಮೆಂಟು, ಆಮೇಲೆ ವಾಯುಪಡೆ. ಸುತ್ತ ಪೊಲೀಸ್ ಕಾವಲು, ಮಾತಾಡಲು ಅರಮನೆಯ ಅಧಿಕಾರಿಗಳು, ಬಾಗಿಲು ಹಾಕಿಕೊಳ್ಳಲು ಬ್ಯಾರಕ್ಕು. ಕೇಟ್‌ಗೆ ಏನಿತ್ತು? ಲಂಡನ್ನಿನ ಚೆಲ್ಸಿಯಲ್ಲಿ ಅಪ್ಪ ಅಮ್ಮ ಕೊಂಡಿದ್ದ ಒಂದು ಫ್ಲಾಟು. ಗೆಳತಿಗೆ ಸರಕಾರದ ಕಾವಲು ಸಿಗುವುದಿಲ್ಲ, ಅದು ಸಿಗುವುದು ನಿಶ್ಚಿತಾರ್ಥವಾದ ಮೇಲೆಯೇ. ಬಾಯಿ ಬಿಟ್ಟು ಮಾತಾಡುವ ಹಾಗಿಲ್ಲ, ಒಂದು ಮಾತಾಡಿದರೂ ಮರುದಿನ ಮುಖಪುಟ. ಕೆಲಸಕ್ಕೆ ಹೋದರೆ ಅಲ್ಲಿಗೂ ಕ್ಯಾಮೆರಾ, ಹೋಗದಿದ್ದರೆ ಸುಮ್ನೆ ಕೂತು ರಾಜಕುಮಾರನಿಗೆ ಕಾಯುತ್ತಾಳೆ ಅನ್ನುವ ಮಾತು. 2006ರ ಕೊನೆಯಲ್ಲಿ ಜಿಗ್‌ಸಾ ಅನ್ನುವ ಬಟ್ಟೆ ಕಂಪನಿಯಲ್ಲಿ ಸೇರಿದಳು. ಅದಕ್ಕೂ ಮಾತು ಬಂತು. ಅವಳಿಗೆ ಇಟ್ಟ ಹೆಸರು ವೇಟಿ ಕೇಟಿ, ಅಂದರೆ ಕಾದು ಕೂತ ಕೇಟಿ. ಒಂದು ಹೆಣ್ಣುಮಗಳ ಇಪ್ಪತ್ತರ ಹರೆಯವನ್ನು ಎರಡು ಪದದಲ್ಲಿ ಮುಗಿಸಿಬಿಟ್ಟರು. ಅದೇ ವರ್ಷಗಳಲ್ಲಿ ಮದುವೆಯಾಗದೇ ಇದ್ದ ವಿಲಿಯಂಗೆ ಅಂಥ ಹೆಸರು ಯಾರೂ ಇಡಲಿಲ್ಲ. ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

2006ರ ಡಿಸೆಂಬರ್ 15ರಂದು ಸ್ಯಾಂಡ್‌ಹರ್ಸ್ಟ್‌ನ ಪರೇಡಿಗೆ ಕೇಟ್ ಅಪ್ಪ ಅಮ್ಮನ ಜೊತೆ ಹೋದಳು. ರಾಣಿಯವರೂ ಬಂದಿದ್ದ ಕಾರ್ಯಕ್ರಮ. ಒಂದು ಟೀವಿ ಚಾನೆಲ್ ತುಟಿ ನೋಡಿ ಮಾತು ಓದುವವರನ್ನು ಹಿಡಿದು, ಅವಳು ಪಕ್ಕದವರಿಗೆ ಪಿಸುಗುಟ್ಟಿದ್ದನ್ನು ಬಯಲು ಮಾಡಿತು. ಪತ್ರಿಕೆಗಳು ಅವಳಮ್ಮ ಚೂಯಿಂಗ್ ಗಮ್ ಅಗಿಯುತ್ತಿದ್ದದ್ದನ್ನು ಹಿಡಿದುಕೊಂಡು ಆಡಿಕೊಂಡವು.

2007ರ ಜನವರಿ 9, ಅವಳ 25ನೇ ಹುಟ್ಟುಹಬ್ಬ. ನಿಶ್ಚಿತಾರ್ಥ ಇನ್ನೇನು ಆಗುತ್ತದೆ ಅನ್ನುವ ಗುಲ್ಲು. ಬೆಳಿಗ್ಗೆ ಕೆಲಸಕ್ಕೆ ಹೊರಟು ಬಾಗಿಲು ತೆಗೆದರೆ ಮನೆ ಮುಂದೆ ಫೋಟೋಗ್ರಾಫರುಗಳ, ಟೀವಿಯವರ ದೊಡ್ಡ ಗುಂಪು. ಒಬ್ಬಳೇ ಅದರ ನಡುವೆ ದಾರಿ ಮಾಡಿಕೊಂಡು ಕಾರಿನ ತನಕ ನಡೆಯಬೇಕು. ಆ ದೃಶ್ಯ ನೋಡಿದವರಿಗೆಲ್ಲ ಡಯಾನಾ ನೆನಪಾದಳು. ಇದು ನಿಲ್ಲಬೇಕು ಅಂತ ವಿಲಿಯಂ ಕಡೆಯಿಂದ ಹೇಳಿಕೆ ಬಂತು, ದಿ ಸನ್ ಪತ್ರಿಕೆಯ ಒಡೆತನದ ಕಂಪನಿ ಅವಳ ಬೆನ್ನಟ್ಟಿ ತೆಗೆದ ಫೋಟೋ ಬಳಸುವುದಿಲ್ಲ ಅಂತ ಮಾತು ಕೊಟ್ಟಿತು.

ಆಗ ಹೊರಗೆ ಗೊತ್ತಿರದಿದ್ದ ಸಂಗತಿ ಇನ್ನೊಂದಿತ್ತು. ಅದೇ ತಿಂಗಳು ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆಯ ರಾಜಮನೆತನ ವಿಭಾಗದ ಸಂಪಾದಕ ಕ್ಲೈವ್ ಗುಡ್‌ಮನ್ ಜೈಲಿಗೆ ಹೋದ. ಅರಮನೆ ಸಿಬ್ಬಂದಿಯ ಫೋನಿನ ವಾಯ್ಸ್‌ಮೇಲ್ ಕದ್ದು ಕೇಳಿದ ಆರೋಪ. ವಿಲಿಯಂ ಮೊಣಕಾಲು ನೋವಿನಂಥ ಮನೆ ಮಾತು ಕೂಡ ಪತ್ರಿಕೆಯಲ್ಲಿ ಬಂದದ್ದೇ ಅನುಮಾನಕ್ಕೆ ಕಾರಣ. ಸಿಬ್ಬಂದಿಯದ್ದಷ್ಟೇ ಅಲ್ಲ, ಕೇಟ್ ಫೋನನ್ನೂ ಕದ್ದು ಕೇಳುತ್ತಿದ್ದೆ, 155 ಸಲ ಕೇಳಿದ್ದೇನೆ ಅಂತ ಅವನು ಕೋರ್ಟಿನಲ್ಲಿ ಒಪ್ಪಿಕೊಂಡದ್ದು 2014ರಲ್ಲಿ. ವಿಲಿಯಂದು 35, ಅವನ ತಮ್ಮ ಹ್ಯಾರಿಯದು 9. ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ರಾಜನಾಗುವವನಿಗಿಂತ ಅವನ ಗೆಳತಿಯ ಮೇಲೆ ನಾಲ್ಕು ಪಟ್ಟಿಗಿಂತ ಜಾಸ್ತಿ. ಕಾವಲಿಲ್ಲದ ಮನೆಗೇ ಕಳ್ಳ ನುಗ್ಗುವುದು, ಅಲ್ವಾ.

ಮುರಿದದ್ದು, ಮತ್ತೆ ಕೂಡಿದ್ದು

2007ರ ಏಪ್ರಿಲ್‌ನಲ್ಲಿ ಇಬ್ಬರೂ ಬೇರೆಯಾದರು. ದಿ ಸನ್‌ನಲ್ಲಿ ಸುದ್ದಿ ಬಂದದ್ದು 14ಕ್ಕೆ. ಪತ್ರಿಕೆಗಳು ಕಾರಣ ಹುಡುಕಿದ್ದು ಅಮ್ಮನ ಹಳೆಯ ಕೆಲಸದಲ್ಲಿ, ಗಗನಸಖಿಯ ಮಗಳು ಅನ್ನುವುದರಲ್ಲಿ. ಆದರೆ ಅವರಿಬ್ಬರೂ 2010ರ ಸಂದರ್ಶನದಲ್ಲಿ ಹೇಳಿದ ಕಾರಣ ತುಂಬಾ ಸರಳ. ಇಬ್ಬರಿಗೂ ಚಿಕ್ಕ ವಯಸ್ಸು, ತಾವು ಯಾರು ಅಂತ ಇನ್ನೂ ಹುಡುಕಿಕೊಳ್ಳುತ್ತಿದ್ದೆವು, ಸ್ವಲ್ಪ ಬಿಡುವು ಬೇಕಿತ್ತು ಅಂತ ಅವನು. ಆಗ ನನಗೆ ಖುಷಿ ಇರಲಿಲ್ಲ, ಆದರೆ ಅದರಿಂದ ನಾನು ಗಟ್ಟಿಯಾದೆ, ಚಿಕ್ಕವರಿದ್ದಾಗ ಒಂದು ಸಂಬಂಧದಲ್ಲಿ ಪೂರ್ತಿ ಮುಳುಗಿಬಿಡುತ್ತೇವೆ ಅಂತ ಅವಳು.

ನನಗೆ ಅವಳ ಮಾತಿನ ಮೊದಲರ್ಧ ಇಷ್ಟ. ಖುಷಿ ಇರಲಿಲ್ಲ ಅಂತ ಮುಚ್ಚುಮರೆ ಇಲ್ಲದೆ ಹೇಳಿದಳಲ್ಲ, ನಿಶ್ಚಿತಾರ್ಥದ ದಿನ, ಪಕ್ಕದಲ್ಲೇ ಅವನು ಕೂತಿರುವಾಗ.

ಆ ವಾರಗಳಲ್ಲಿ ಅವಳು ಅಳುತ್ತಾ ಕೂತ ಚಿತ್ರ ಯಾರಿಗೂ ಸಿಗಲಿಲ್ಲ. ಥೇಮ್ಸ್ ನದಿಯಲ್ಲಿ ಹುಡುಗಿಯರ ತಂಡವೊಂದರ ಜೊತೆ ದೋಣಿ ಹುಟ್ಟು ಹಾಕಲು ಅಭ್ಯಾಸ ಮಾಡುತ್ತಿದ್ದಳು. ಜುಲೈ 1ಕ್ಕೆ ಡಯಾನಾ ನೆನಪಿನಲ್ಲಿ ವಿಲಿಯಂ, ಹ್ಯಾರಿ ಸೇರಿ ವೆಂಬ್ಲಿಯಲ್ಲಿ ಸಂಗೀತ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಕೇಟ್ ಬಂದಿದ್ದಳು, ಅವನಿಂದ ಕೆಲವು ಸಾಲು ದೂರದಲ್ಲಿ ಕೂತಿದ್ದಳು. ಮತ್ತೆ ಒಂದಾಗಿದ್ದಾರೆ ಅಂತ ನೋಡಿದವರಿಗೆ ಗೊತ್ತಾಯಿತು. ಅಲ್ಲಿಂದ ಮುಂದೆ ಮೂರು ವರ್ಷ ಹೆಚ್ಚು ಸದ್ದಿಲ್ಲ. ಅವನು ಹೆಲಿಕಾಪ್ಟರ್ ಕಲಿತ, ಅವಳು ಅಪ್ಪ ಅಮ್ಮನ ವ್ಯಾಪಾರದಲ್ಲಿ ಕೈ ಜೋಡಿಸಿದಳು. ಅವಳು ಟೆನಿಸ್ ಆಡುತ್ತಿದ್ದಾಗ ಕದ್ದು ತೆಗೆದ ಫೋಟೋಗೆ ಕಾನೂನಿನ ಮೂಲಕ ಪರಿಹಾರವನ್ನೂ ಪಡೆದಳು.

ಬೆನ್ನಚೀಲದಲ್ಲಿ ಉಂಗುರ

2010ರ ಅಕ್ಟೋಬರಿನಲ್ಲಿ ಕೀನ್ಯಾದಲ್ಲಿ, ಮೌಂಟ್ ಕೀನ್ಯಾದ ಇಳಿಜಾರಿನ ಒಂದು ಸರೋವರದ ಹತ್ತಿರ ಅವನು ಕೇಳಿದ, ಅವಳು ಒಪ್ಪಿದಳು. ಉಂಗುರ ಡಯಾನಾಳದ್ದು: 12 ಕ್ಯಾರಟ್ ನೀಲ, ಸುತ್ತ 14 ವಜ್ರ. ಮೂರು ವಾರ ಅದನ್ನು ಬೆನ್ನಚೀಲದಲ್ಲಿ ಹೊತ್ತು ತಿರುಗಿದ್ದ, ಒಂದು ಕ್ಷಣವೂ ಕೆಳಗಿಡದೆ. ಇವತ್ತಿನ ಸಂಭ್ರಮದಲ್ಲಿ ಅಮ್ಮನೂ ಇರಲಿ ಅಂತ ಹೀಗೆ ಮಾಡಿದೆ ಅಂದ. ನವೆಂಬರ್ 16ಕ್ಕೆ ಸುದ್ದಿ ಹೊರಬಿತ್ತು.

ಇಷ್ಟು ವರ್ಷ ಯಾಕೆ ಅನ್ನುವುದಕ್ಕೆ ಅವನು ಅಂದು ಟೀವಿಯಲ್ಲಿ ಕೊಟ್ಟ ಉತ್ತರವೇ ಈ ಪ್ರಕರಣದ ಬೀಗದ ಕೈ. ಒಳಗೆ ಹೇಗಿದೆ ಅಂತ ಅವಳು ನೋಡಲಿ, ತೀರಾ ಜಾಸ್ತಿಯಾಗುವ ಮುಂಚೆ ಬೇಡ ಅನಿಸಿದರೆ ಹಿಂದೆ ಸರಿಯಲಿ, ಅದಕ್ಕೆ ಅವಕಾಶ ಕೊಡಬೇಕು ಅಂತಿದ್ದೆ, ಹಿಂದೆ ಆದದ್ದರಿಂದ ಪಾಠ ಕಲಿಯಲು ನೋಡುತ್ತಿದ್ದೇನೆ ಅಂದ. ಹಿಂದೆ ಆದದ್ದು ಯಾವುದು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕನ್ನಡದಲ್ಲಿ ಕಾಯುವುದು ಅಂದರೆ ದಾರಿ ನೋಡುವುದೂ ಹೌದು, ಕಾಪಾಡುವುದೂ ಹೌದು. ವಿಲಿಯಂ ಲೆಕ್ಕದಲ್ಲಿ ಆ ವರ್ಷಗಳಲ್ಲಿ ಅವನು ಅವಳನ್ನು ಕಾಯುತ್ತಿದ್ದ. ಪತ್ರಿಕೆಗಳ ಕಣ್ಣಿಗೆ ಅವಳು ಅವನಿಗೆ ಕಾಯುತ್ತಿದ್ದಳು. ಅವನ ಮನಸ್ಸಿನಲ್ಲಿದ್ದದ್ದು ಪ್ರಾಮಾಣಿಕ ಅಂತ ನಾನು ನಂಬುತ್ತೇನೆ. 19ರ ಹುಡುಗಿಯನ್ನು ಐದು ತಿಂಗಳಲ್ಲಿ ಒಳಗೆ ಎಳೆದುಕೊಂಡದ್ದರ ಫಲ ಉಂಡವನು ಅವನು. 29 ವಯಸ್ಸಿನಲ್ಲಿ ಅಬ್ಬೆಯೊಳಗೆ ನಡೆದು ಬಂದ ಕೇಟ್‌ಗೆ ತಾನು ಎಲ್ಲಿಗೆ ಬರುತ್ತಿದ್ದೇನೆ ಅಂತ ಪೂರ್ತಿ ಗೊತ್ತಿತ್ತು. ಆದರೆ ಅವಳನ್ನು ಕಾಪಾಡಲು ಇಟ್ಟ ಆ ಕಾಲದಲ್ಲೇ ಅವಳಿಗೆ ಕಾಪು ಅತ್ಯಂತ ಕಡಿಮೆ ಇತ್ತು. ಒಳಗಿನವಳಲ್ಲ, ಹೊರಗಿನವಳೂ ಅಲ್ಲ. ಹಿಂದೆ ಸರಿಯುವ ಸ್ವಾತಂತ್ರ್ಯ ಕೊಟ್ಟದ್ದು ಒಳ್ಳೆಯದೇ, ಅದರ ಬೆಲೆಯನ್ನು ಮಾತ್ರ ಅವಳೊಬ್ಬಳೇ ತೆತ್ತಳು.

ಈ ಸ್ವಾತಂತ್ರ್ಯ ಬರೀ ಮಾತಿನದ್ದಲ್ಲ ಅನ್ನುವುದಕ್ಕೆ ಅದೇ ಮನೆಯಲ್ಲಿ ಸಾಕ್ಷಿ ಇದೆ. ಹ್ಯಾರಿಯ ಬಹುಕಾಲದ ಗೆಳತಿಯೊಬ್ಬಳು ಪತ್ರಿಕೆಗಳ ಕಾಟ ತಡೆಯದೆ ಈ ಬಾಳು ನನಗಲ್ಲ ಅಂತ ತೀರ್ಮಾನಿಸಿದಳು ಅಂತ ಅವನೇ 2023ರಲ್ಲಿ ಹೈಕೋರ್ಟಿನ ಹೇಳಿಕೆಯಲ್ಲಿ ಬರೆದ. ಮುಂದೆ ಅವನು ಮದುವೆಯಾದ ಮೇಗನ್ ಜೊತೆ ಅವನ ಪರಿಚಯ 2016ರ ಜುಲೈನಲ್ಲಿ, ನಿಶ್ಚಿತಾರ್ಥ 2017ರ ನವೆಂಬರ್‌ನಲ್ಲಿ, 2020ರ ಜನವರಿಗೆ ಇಬ್ಬರೂ ರಾಜಮನೆತನದ ಕೆಲಸದಿಂದ ಹೊರಗೆ ಹೊರಟರು. ಬೇಗ ಮದುವೆಯಾದದ್ದೇ ಅದಕ್ಕೆ ಕಾರಣ ಅಂತ ಹೇಳಿದರೆ ಅನ್ಯಾಯವಾಗುತ್ತದೆ, ಮೇಗನ್ ಎದುರಿಸಿದ್ದರಲ್ಲಿ ಬಣ್ಣದ ಪ್ರಶ್ನೆಯೂ ಇತ್ತು, ಕೇಟ್‌ಗೆ ಅದಿರಲಿಲ್ಲ. ಹಾಗೆಯೇ ಕಾಲ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಆನ್ ಅವರ ಮಗ ಪೀಟರ್ ಐದು ವರ್ಷದ ಪರಿಚಯದ ಮೇಲೆ 2008ರಲ್ಲಿ ಮದುವೆಯಾದ, ಆ ಮದುವೆ ಉಳಿಯಲಿಲ್ಲ. ಅವನ ತಂಗಿ ಜಾರಾ 2003ರಲ್ಲಿ ರಗ್ಬಿ ಆಟಗಾರ ಮೈಕ್ ಟಿಂಡಲ್‌ನನ್ನು ಕಂಡು 2011ರಲ್ಲಿ ಮದುವೆಯಾದಳು. ಆಂಡ್ರೂ ಮಗಳು ಯುಜೀನಿ 2010ರಲ್ಲಿ ಪರಿಚಯವಾದವನನ್ನು 2018ರಲ್ಲಿ. ಅವರೂ ಹೆಚ್ಚು ಕಡಿಮೆ ಎಂಟು ವರ್ಷವೇ ತೆಗೆದುಕೊಂಡರು, ಆದರೆ ಅವರಿಗೆ ಯಾರೂ ಅಡ್ಡಹೆಸರು ಕಟ್ಟಲಿಲ್ಲ. ಕಾದದ್ದಕ್ಕಿಂತ ಎಲ್ಲರ ಕಣ್ಣೆದುರು ಕಾದದ್ದು ಕೇಟ್‌ಗೆ ಕಷ್ಟವಾಯಿತು.

ಕಾನೂನಿನದ್ದು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1772ರ ಕಾಯ್ದೆಯ ಪ್ರಕಾರ ರಾಣಿಯವರ ಒಪ್ಪಿಗೆ ಬೇಕಿತ್ತು, 2011ರ ಫೆಬ್ರವರಿಯಲ್ಲಿ ಅದು ಸಿಕ್ಕಿತು. ಈ ಮದುವೆಯ ನಂತರ ಆ ಕಾಯ್ದೆಯೇ ಬದಲಾಯಿತು. 2015ರಿಂದ ಸಿಂಹಾಸನಕ್ಕೆ ಹತ್ತಿರದ ಆರು ಜನಕ್ಕೆ ಮಾತ್ರ ಒಪ್ಪಿಗೆ ಬೇಕು, ಕ್ಯಾಥೊಲಿಕ್ಕರನ್ನು ಮದುವೆಯಾದರೂ ಹಕ್ಕು ಹೋಗುವುದಿಲ್ಲ, ಹೆಣ್ಣುಮಗಳ ಸರದಿಯನ್ನು ಆಮೇಲೆ ಹುಟ್ಟಿದ ತಮ್ಮ ದಾಟುವ ಹಾಗಿಲ್ಲ. ಇವರ ಮಗಳು ಷಾರ್ಲೆಟ್ ತಮ್ಮ ಲೂಯಿ ಹುಟ್ಟಿದ ಮೇಲೂ ತನ್ನ ಜಾಗದಲ್ಲೇ ಇದ್ದಾಳೆ.

ಅತ್ತೆಯ ಪ್ರಶ್ನೆ

ಅಪ್ಪ ಅಮ್ಮ ಏನೂ ಕೇಳಲಿಲ್ಲವಾ? ಕೇಳಿದರೋ ಇಲ್ಲವೋ, ಹೊರಗೆ ಮಾತ್ರ ಒಂದು ಮಾತೂ ಬರಲಿಲ್ಲ. ಅಷ್ಟು ವರ್ಷ, ಅಷ್ಟು ಚುಚ್ಚುಮಾತು ಕೇಳಿಯೂ ಮಿಡಲ್ಟನ್ ದಂಪತಿ ಪತ್ರಿಕೆಗಳ ಮುಂದೆ ಬಾಯಿ ತೆರೆಯಲಿಲ್ಲ. ಮಗಳಿಗೆ ಓಡಿ ಬರಲು ಬರ್ಕ್‌ಷೈರ್‌ನ ಬಕಲ್‌ಬರಿ ಹಳ್ಳಿಯಲ್ಲಿ ತವರು ಇತ್ತು, ಅವರ ವ್ಯಾಪಾರದಲ್ಲಿ ಕೆಲಸವೂ ಇತ್ತು. ಅರಮನೆ ಕೊಡಲಾಗದ ಕಾವಲನ್ನು ಕೊಟ್ಟದ್ದು ಆ ಮನೆ.

ಅವಳಪ್ಪನನ್ನು ಮೊದಲು ಕೇಳಬೇಕಾ ಅಂತ ವಿಲಿಯಂ ಯೋಚನೆ ಮಾಡಿದ್ದನಂತೆ. ಅವರು ಬೇಡ ಅಂದುಬಿಟ್ಟರೆ ಅನ್ನುವ ಅಳುಕಿಗೆ ಮೊದಲು ಕೇಟ್‌ಳನ್ನೇ ಕೇಳಿದ, ಅವಳು ಹೂಂ ಅಂದ ಮೇಲೆ ಅವರು ಇಲ್ಲ ಅನ್ನಲಾರರಲ್ಲ. ಆಮೇಲೆ ಅಪ್ಪನಿಗೆ ಹೇಳಿದ. ಅಮ್ಮನಿಗೆ ಗೊತ್ತಾಗಿದೆಯೋ ಇಲ್ಲವೋ ಅಂತ ಕೇಟ್‌ಗೆ ಗೊತ್ತಿರಲಿಲ್ಲ, ಮನೆಗೆ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಮಾತು ಹೊರಡದೆ ಒದ್ದಾಡಿದರು ಅಂತ ಅವಳೇ ಹೇಳಿದ್ದಾಳೆ. ಇದನ್ನು ನಮ್ಮತ್ತೆಗೆ ಹೇಳಿದಾಗ, "ಹಂಗಾದ್ರೆ ಎಲ್ಲಾ ಕಡೆನೂ ಒಂದೇ ಬಿಡು" ಅಂದು ಸಮಾಧಾನಪಟ್ಟರು.

ಮದುವೆ ಖರ್ಚಿನಲ್ಲಿ ಮಿಡಲ್ಟನ್ ಮನೆಯವರೂ ಪಾಲು ಕೊಟ್ಟರು. ಆಹ್ವಾನಿತರ ಪಟ್ಟಿ ಅಂತ ವಿಲಿಯಂ ಕೈಗೆ ಮೊದಲು ಬಂದದ್ದರಲ್ಲಿ 777 ಹೆಸರು, ಅವನಿಗೆ ಪರಿಚಯದವರು ಒಬ್ಬರೂ ಇಲ್ಲ. ಅಜ್ಜಿಗೆ ಫೋನ್ ಮಾಡಿದ. ಅದನ್ನು ಹರಿದು ಹಾಕಿ ನಿನ್ನ ಸ್ನೇಹಿತರಿಂದ ಶುರು ಮಾಡು ಅಂದರು ರಾಣಿ. ಹಾಗಾಗಿ ಸುಮಾರು 1,900 ಜನ ತುಂಬಿದ್ದ ಅಬ್ಬೆಯಲ್ಲಿ ಬೇರೆ ದೇಶಗಳ ರಾಜರ ಜೊತೆ ಬಕಲ್‌ಬರಿಯ ಕಿರಾಣಿ ಅಂಗಡಿಯವರು, ಮಾಂಸದಂಗಡಿಯವರು, ಪೋಸ್ಟ್‌ಮ್ಯಾನ್ ಕೂಡ ಕೂತಿದ್ದರು.

ಮಧುಚಂದ್ರಕ್ಕೆ ತಕ್ಷಣ ಹೋಗಲಿಲ್ಲ. ಮುಂದಿನ ವಾರ ವಿಲಿಯಂ ವೇಲ್ಸ್‌ನ ಆಂಗಲ್ಸೀ ದ್ವೀಪದಲ್ಲಿ ರಕ್ಷಣಾ ಹೆಲಿಕಾಪ್ಟರ್ ಹಾರಿಸುವ ತನ್ನ ಕೆಲಸಕ್ಕೆ ವಾಪಸ್ ಹೋದ. ಕೇಟ್ ಅಲ್ಲಿನ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಮನೆಗೆ ದಿನಸಿ ತಂದಳು. ಅವಳು ಟ್ರಾಲಿ ತಳ್ಳಿಕೊಂಡು ಕಾರಿನ ಕಡೆ ನಡೆಯುತ್ತಿರುವ ಫೋಟೋ ಮರುದಿನದ ಪತ್ರಿಕೆಗಳಲ್ಲಿ ಬಂತು. ಈಗ ಅವಳ ಹಿಂದೆ ಕಾವಲಿನವರಿದ್ದರು.